ಬಿಸಿಲಿಗೆ ಮುನಿಯುವ ಕಾರು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದವರ ಕಿವಿಯನ್ನು ಮೊದಲು ಮುಟ್ಟುವುದು ಉಳಿಯ ಸದ್ದು; ವಿಗ್ರಹಗಳು ಕಣ್ಣಿಗೆ ಬೀಳುವುದು ಆಮೇಲೆ. ತಲೆತಲಾಂತರದಿಂದ ಕಲ್ಲಿನಲ್ಲಿ ದೇವರನ್ನು ಕಡೆದು ಬದುಕುತ್ತಿರುವ ಶಿಲ್ಪಿಗಳ ಊರು ಅದು. ಮನೆಯ ಮುಂದಿನ ಚಪ್ಪರದಡಿಯಲ್ಲಿ ಅರ್ಧ ಮೂಡಿದ ವೆಂಕಟರಮಣ, ಸೊಂಡಿಲು ಮಾತ್ರ ಸ್ಪಷ್ಟವಾದ ಗಣಪತಿ, ಇನ್ನೂ ಕಣ್ಣು ತೆರೆಯದ ನಂದಿ. ದೇಶದ ನಾನಾ ಕಡೆಯ ದೇವಾಲಯಗಳಿಗೂ ಮನೆಗಳಿಗೂ ಇಲ್ಲಿಂದ ಮೂರ್ತಿಗಳು ಹೋಗುತ್ತವೆ.

ಚೈತ್ರಮಾಸದ ಒಂದು ಭಾನುವಾರ, ಬೆಂಗಳೂರಿನ ಸಂಸಾರವೊಂದು ಈ ಊರಿಗೆ ಬಂದಿದೆಯೆಂದು ಭಾವಿಸಬಹುದು. ದೇವರಕೋಣೆಗೆ ಒಂದು ಗಣಪತಿಯನ್ನು ಹೇಳಿ ಮಾಡಿಸಬೇಕೆಂಬುದು ಅವರ ಬಹುದಿನಗಳ ಆಸೆ. ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗ, ಮಂಡಿನೋವಿನ ಅಜ್ಜಿ. ಇವರೊಂದಿಗೆ ಇಪ್ಪತ್ತು ವರ್ಷಗಳನ್ನು ಮೀರಿ ಮನೆಯವರಲ್ಲಿ ಒಬ್ಬನಂತೆಯೇ ಬಾಳಿದ ಕಾರು. ಹೊಸಕೋಟೆ ದಾಟಿ, ನರಸಾಪುರದ ಕಡೆಯಿಂದ ತಿರುಗಿ, ಕಾರು ಎಳ್ಳಷ್ಟೂ ತಕರಾರಿಲ್ಲದೆ ಊರು ಸೇರಿತು. ನೆರಳು ಸಿಗದುದರಿಂದ ಬಯಲಿನಲ್ಲೇ ನಿಲ್ಲಿಸಿದರು. ಕಲ್ಲನ್ನು ಆರಿಸಿ, ಅಳತೆ ಹೇಳಿ, ಮುಂಗಡ ಕೊಟ್ಟು ಹಿಂದಿರುಗುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ತಂದೆ ಕೀಲಿ ತಿರುಗಿಸಿದರು. ಸ್ಟಾರ್ಟರು ಗರ್‍ರ್, ಗರ್‍ರ್ ಎಂದು ಹುರುಪಿನಿಂದಲೇ ತಿರುಗಿತು. ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ. ಎರಡನೆಯ ಸಲ, ಐದನೆಯ ಸಲ, ಹತ್ತನೆಯ ಸಲ. ಸುತ್ತ ಜನ ನೆರೆದರು, ಸಲಹೆಗಳಿಗೆ ಬರವಿರಲಿಲ್ಲ. ಬ್ಯಾಟರಿ ಹೋಗಿದೆ ಎಂದರೊಬ್ಬರು. ಪೆಟ್ರೋಲಿಗೆ ನೀರು ಬೆರೆತಿದೆ ಎಂದರಿನ್ನೊಬ್ಬರು. ಪಂಪು ಸುಟ್ಟಿರಬೇಕೆಂದು ಮೂರನೆಯವರ ತೀರ್ಪು. ಕಡೆಗೆ ಮುದುಕ ಶಿಲ್ಪಿಯೊಬ್ಬರು ಎದ್ದು ಬಂದರು.

“ಯಜಮಾನ್ರೇ, ಬಾಗಿಲು ನಾಲ್ಕೂ ತೆಗೆದಿಟ್ಟು ಒಂದಿಷ್ಟು ಹೊತ್ತು ಬಿಡಿ. ಈ ಬಿಸಿಲಿಗೆ ಕಲ್ಲೇ ಕಾದು ಕೆಂಡ ಆಗ್ತದೆ. ಅಜ್ಜಮ್ಮನವರು ಒಳಗೆ ಬಂದು ಕೂತ್ಕೊಳ್ಳಲಿ.”

ಅರ್ಧ ಗಂಟೆಯ ಮೇಲೆ ಮಗ ಸುಮ್ಮನೆ ಕೀಲಿ ತಿರುಗಿಸಿದ. ಏನೂ ನಡೆದೇ ಇಲ್ಲವೆಂಬಂತೆ ಎಂಜಿನ್ ಮೊದಲ ಸುತ್ತಿಗೇ ಓಡತೊಡಗಿತು. “ವಿಘ್ನೇಶ್ವರ ವಿಘ್ನ ಕಳೆದ ಕಣಪ್ಪಾ” ಎಂದು ಅಜ್ಜಿ ಕೈಮುಗಿದರು.

ಮರುದಿನ ಬೆಳಗಿನ ತಂಪಿನಲ್ಲಿ ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸಿದಾಗ ಅದು ಸಾಧುವಾದ ಹಸುವಿನಂತೆ ವರ್ತಿಸಿತು. ಅವನೂ ನಾಲ್ಕಾರು ಸಲ ಎಂಜಿನ್ ನಿಲ್ಲಿಸಿ, ಹೊತ್ತಿಸಿ ನೋಡಿ, “ಏನೂ ದೋಷವಿಲ್ಲ ಸಾರ್” ಎಂದು ಕಳುಹಿಸಿದ.

ವೈದ್ಯರ ಮುಂದೆ ಮಾಯವಾಗುವ ರೋಗ

ಹಳೆಯ ಕಾರನ್ನು ಇಟ್ಟುಕೊಂಡಿರುವ ಎಷ್ಟೋ ಮನೆಗಳಿಗೆ ಈ ಅನುಭವ ಹೊಸದಲ್ಲ. ವೈದ್ಯರ ಮುಂದೆ ಕೂತೊಡನೆ ಇಳಿದುಬಿಡುವ ಜ್ವರದಂತೆ, ಈ ದೋಷವು ಪರೀಕ್ಷಿಸುವವರ ಕೈಗೆ ಸಿಕ್ಕುವುದಿಲ್ಲ. ಸಿಕ್ಕದಿದ್ದಾಗ ಊಹೆಯ ಮೇಲೆ ಚಿಕಿತ್ಸೆ ಆರಂಭವಾಗುತ್ತದೆ. ಈ ತಿಂಗಳು ಹೊಸ ಬ್ಯಾಟರಿ, ಮುಂದಿನ ತಿಂಗಳು ಸ್ಪಾರ್ಕ್ ಪ್ಲಗ್ಗುಗಳು, ಆಮೇಲೆ ಪೆಟ್ರೋಲ್ ಪಂಪು. ಸಾವಿರಗಟ್ಟಲೆ ಹಣ ವ್ಯಯವಾದ ಮೇಲೂ ಬಿಸಿಲೇರಿದ ಮಧ್ಯಾಹ್ನ ಕಾರು ಮತ್ತೆ ಮುನಿಯುತ್ತದೆ. ಕಡೆಗೆ ಮನೆಯವರು ಬೇಸತ್ತು, ಇನ್ನೂ ಹತ್ತು ವರ್ಷ ಬಾಳಬಹುದಾಗಿದ್ದ ಗಾಡಿಯನ್ನು ಸಿಕ್ಕಿದ ಬೆಲೆಗೆ ಸಾಗಹಾಕುತ್ತಾರೆ.

ಇಂಥ ಪ್ರಸಂಗಗಳಲ್ಲಿ ನಿಜವಾದ ಅಪರಾಧಿ ಅನೇಕ ವೇಳೆ ಒಂದು ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಡಬ್ಬಿಯಾಗಿರುತ್ತದೆ. ಅದರ ಹೆಸರು ಮೇನ್ ರಿಲೇ.

ಅಂಚೆಯವನ ಕೆಲಸ

ರಿಲೇ ಎಂಬ ಮಾತಿನ ಹಿಂದೆ ಕುದುರೆಗಳ ಕಥೆಯಿದೆ. ದೂರದ ಪ್ರಯಾಣದಲ್ಲಿ ದಣಿದ ಕುದುರೆಗಳನ್ನು ಬಿಟ್ಟು, ನಡುದಾರಿಯ ಠಾಣ್ಯದಲ್ಲಿ ಸಿದ್ಧವಾಗಿರುವ ಹೊಸ ಕುದುರೆಗಳನ್ನು ಕಟ್ಟುವ ಪದ್ಧತಿಗೆ ಯೂರೋಪಿನಲ್ಲಿ ಆ ಹೆಸರಿತ್ತು. ಕನ್ನಡನಾಡಿನವರಿಗೆ ಇದು ಅಪರಿಚಿತವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರಿನ ಅಂಚೆಯಲ್ಲಿ ಒಬ್ಬ ಓಟಗಾರನು ತನ್ನ ಹರದಾರಿಗಳನ್ನು ಓಡಿ, ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದ. ಮೊದಲಿನವನ ಶಕ್ತಿ ಮುಗಿದರೂ ಸಂದೇಶದ ಓಟ ನಿಲ್ಲುತ್ತಿರಲಿಲ್ಲ.

ವಿದ್ಯುತ್ತಿಗೆ ಇದೇ ಉಪಾಯವನ್ನು ಅನ್ವಯಿಸಿದವರಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ಮೊದಲಿಗರು. 1835ರ ಸುಮಾರಿಗೆ ಅವರು ದೂರದಿಂದ ಬರುವ ಕ್ಷೀಣ ಪ್ರವಾಹದಿಂದ ಒಂದು ವಿದ್ಯುದಯಸ್ಕಾಂತವನ್ನು ಚಾಲಿಸಿ, ಅದರ ಮೂಲಕ ಇನ್ನೊಂದು ಬಲವಾದ ಪ್ರವಾಹವನ್ನು ನಿಯಂತ್ರಿಸಬಹುದೆಂದು ತೋರಿಸಿದರು. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮಾರ್ಸನ ತಂತಿ ಹರಿದ ಮೇಲೆ ದೂರದೂರದ ಊರುಗಳನ್ನು ಬೆಸೆದದ್ದು ಈ ಉಪಾಯವೇ. ಭಾರತದಲ್ಲಿ ತಂತಿ ಸೇವೆಯು 2013ರ ಜುಲೈಯಲ್ಲಿ ವಿರಾಮ ಪಡೆಯಿತು. ಆದರೆ ತಂತಿಯ ಕೂಸಾದ ರಿಲೇ ಪ್ರತಿಯೊಂದು ಕಾರಿನಲ್ಲಿಯೂ ಇಂದಿಗೂ ದುಡಿಯುತ್ತಿದೆ.

ಅದರ ರಚನೆ ಸರಳ. ಕಬ್ಬಿಣದ ತಿರುಳಿನ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಎದುರಿಗೆ ಸ್ಪ್ರಿಂಗಿನ ಬಲದಿಂದ ದೂರ ನಿಂತ ಒಂದು ಸಣ್ಣ ಕಬ್ಬಿಣದ ಪಟ್ಟಿ. ಸುರುಳಿಯಲ್ಲಿ ಅಲ್ಪ ಪ್ರವಾಹ ಹರಿದೊಡನೆ ತಿರುಳು ಅಯಸ್ಕಾಂತವಾಗಿ ಪಟ್ಟಿಯನ್ನು ಸೆಳೆದುಕೊಳ್ಳುತ್ತದೆ. ಆಗ ಎರಡು ಲೋಹದ ಬಿಂದುಗಳು ಒಂದನ್ನೊಂದು ಮುಟ್ಟಿ, ಬ್ಯಾಟರಿಯ ಬಲವಾದ ಪ್ರವಾಹಕ್ಕೆ ದಾರಿ ತೆರೆಯುತ್ತದೆ. ಪಟ್ಟಿ ಬಡಿದಾಗ ಹೊರಡುವ ಸಣ್ಣ ಸದ್ದೇ ‘ಟಿಕ್’. ಈ ಟಿಕ್ಕಿನಲ್ಲಿಯೇ ರೋಗನಿದಾನದ ಕೀಲಿ ಅಡಗಿದೆ.

ಹೊಗೆಯ ಕಾಯಿದೆ ತಂದ ಬದಲಾವಣೆ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಪೆಟ್ರೋಲ್ ಎಂಜಿನ್ನುಗಳಲ್ಲಿ ಬಹುಕಾಲ ಕಾರ್ಬ್ಯುರೇಟರ್ ಇತ್ತು; ಪೆಟ್ರೋಲನ್ನು ಎಂಜಿನ್ನಿನ ಚಲನೆಯೇ ಯಾಂತ್ರಿಕ ಪಂಪಿನ ಮೂಲಕ ಎಳೆದುಕೊಳ್ಳುತ್ತಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಮೊದಲಿಗೆ ಕಾರ್ಬ್ಯುರೇಟರಿನ ಗಾಡಿಯೇ. ಅಲ್ಲಿ ಮೇನ್ ರಿಲೇಯ ಈ ಕಾಟವಿರಲಿಲ್ಲ. 2000ದ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ‘ಇಂಡಿಯಾ 2000’ ಎಂಬ ಹೊಗೆ ನಿಯಮಗಳು ಜಾರಿಗೆ ಬಂದವು. ಆ ಹೊತ್ತಿನಿಂದ ಪೆಟ್ರೋಲನ್ನು ಅಳೆದು ಎರಚುವ ಇಂಜೆಕ್ಟರುಗಳೂ, ಅವುಗಳಿಗೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರೂ, ಟ್ಯಾಂಕಿನೊಳಗೆ ಮುಳುಗಿ ಕೂತ ವಿದ್ಯುತ್ ಪಂಪೂ ಮಧ್ಯಮ ವರ್ಗದ ಕಾರುಗಳಲ್ಲಿಯೂ ಸಾಮಾನ್ಯವಾದವು.

ಪಂಪಿಗೆ ಹಲವು ಆಂಪಿಯರುಗಳ ಪ್ರವಾಹ ಬೇಕು. ಕಂಪ್ಯೂಟರಿನ ಸೂಕ್ಷ್ಮ ಅಂಗಗಳು ಅದನ್ನು ತಾಳಲಾರವು. ಆದುದರಿಂದ ನಡುವೆ ರಿಲೇಯ ನೇಮಕ. ಕೀಲಿ ತಿರುಗಿದೊಡನೆ ಮೇನ್ ರಿಲೇ ಕಂಪ್ಯೂಟರನ್ನು ಎಚ್ಚರಿಸುತ್ತದೆ. ಕಂಪ್ಯೂಟರು ಇನ್ನೊಂದು ರಿಲೇಯ ಮೂಲಕ ಪಂಪನ್ನು ಸುಮಾರು ಎರಡು ಸೆಕೆಂಡು ಓಡಿಸಿ ಕೊಳವೆಯಲ್ಲಿ ಒತ್ತಡ ತುಂಬಿಸುತ್ತದೆ. ಎಂಜಿನ್ ತಿರುಗುತ್ತಿರುವುದು ಖಚಿತವಾದರೆ ಮಾತ್ರ ಪಂಪನ್ನು ಮುಂದುವರಿಸುತ್ತದೆ. 1980 ಮತ್ತು 1990ರ ದಶಕಗಳ ಅನೇಕ ಹೋಂಡಾ ಕಾರುಗಳಲ್ಲಿ ಈ ಎರಡೂ ರಿಲೇಗಳನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಇರಿಸಲಾಗಿತ್ತು. ಬಿಸಿಲಿನಲ್ಲಿ ಕೈಕೊಡುವ ರಿಲೇಯೆಂದು ಆ ಡಬ್ಬಿ ಹಲವು ದೇಶಗಳ ಮೆಕ್ಯಾನಿಕ್ಕುಗಳಿಗೆ ಚಿರಪರಿಚಿತ.

ಬೆಸುಗೆಯೊಳಗಿನ ಬಿರುಕು

ಬಿಸಿಲಿಗೂ ರಿಲೇಗೂ ಏನು ಹಗೆ? ಡಬ್ಬಿಯೊಳಗೆ ರಿಲೇಯ ಲೋಹದ ಕಾಲುಗಳನ್ನು ಒಂದು ತೆಳು ಹಲಗೆಗೆ ಬೆಸೆದಿರುತ್ತಾರೆ. ತವರ ಮತ್ತು ಸೀಸದ ಆ ಬೆಸುಗೆ 183 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕರಗುವಂಥದು, ಬಹಳ ಮೆದು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಗಾಳಿ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಡ್ಯಾಶ್‌ಬೋರ್ಡಿನ ಮೈ ಇನ್ನೂ ಹೆಚ್ಚು ಕಾಯುತ್ತದೆ. ಅದರ ಮೇಲೆ ರಿಲೇಯಲ್ಲಿ ಹರಿಯುವ ಪ್ರವಾಹದ ಕಾವು ಬೇರೆ. ಕಾದಾಗ ಕಾಲು ಒಂದು ಪ್ರಮಾಣದಲ್ಲಿ, ಹಲಗೆ ಇನ್ನೊಂದು ಪ್ರಮಾಣದಲ್ಲಿ, ಬೆಸುಗೆ ಮತ್ತೊಂದು ಪ್ರಮಾಣದಲ್ಲಿ ಹಿಗ್ಗುತ್ತವೆ. ರಾತ್ರಿ ತಣ್ಣಗಾದಾಗ ಹಾಗೆಯೇ ಕುಗ್ಗುತ್ತವೆ. ವರ್ಷಗಟ್ಟಲೆ ಈ ಜಗ್ಗಾಟ ನಡೆದ ಮೇಲೆ ಕಾಲಿನ ಸುತ್ತ ಉಂಗುರದಂಥ ಬಿರುಕೊಂದು ಮೂಡುತ್ತದೆ. ತಂಪಿನಲ್ಲಿ ಬಿರುಕಿನ ತುಟಿಗಳು ಕೂಡಿಕೊಂಡಿದ್ದು ಪ್ರವಾಹ ಹರಿಯುತ್ತದೆ; ಬಿಸಿಯೇರಿದಾಗ ಅಗಲುತ್ತವೆ. ಅರ್ಧ ಗಂಟೆ ಬಾಗಿಲು ತೆರೆದಿಟ್ಟರೆ ಮತ್ತೆ ಕೂಡುತ್ತವೆ. ಅಜ್ಜಿ ಕಂಡ ವಿಘ್ನನಿವಾರಣೆಯ ಒಳಗುಟ್ಟು ಇದು.

ಹೊರಡದೆ ನಿಲ್ಲುವುದು ಬರೀ ತೊಂದರೆ. ಓಡುತ್ತಲೇ ನಿಂತರೆ ಅಪಾಯ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವಾಗ ಬಿರುಕು ಅಗಲಿದರೆ ಎಂಜಿನ್ ತಟ್ಟನೆ ಆರುತ್ತದೆ. ಪವರ್ ಸ್ಟಿಯರಿಂಗಿನ ನೆರವು ತಪ್ಪಿ ಚಕ್ರ ಬಿಗಿಯಾಗುತ್ತದೆ. ನಾಲ್ಕಾರು ಸಲ ಒತ್ತಿದರೆ ಬ್ರೇಕೂ ಗಟ್ಟಿಯಾಗುತ್ತದೆ. ‘ಹೇಗೂ ತಣ್ಣಗಾದ ಮೇಲೆ ಹೊರಡುತ್ತದಲ್ಲ’ ಎಂದು ವರ್ಷಾನುಗಟ್ಟಲೆ ದೂಡುವುದು ಆದಕಾರಣ ಜಾಣತನವಲ್ಲ.

ಕಿವಿಯ ಪರೀಕ್ಷೆ

ಶಿಲ್ಪಿಯು ಕಲ್ಲನ್ನು ಆರಿಸುವಾಗ ಕಣ್ಣನ್ನು ಮಾತ್ರ ನಂಬುವುದಿಲ್ಲ, ತಟ್ಟಿ ಕಿವಿಗೊಡುತ್ತಾನೆ. ಗಂಟೆಯಂತೆ ಮೊಳಗುವುದು ಪುರುಷಶಿಲೆ, ಮೃದುವಾಗಿ ನುಡಿಯುವುದು ಸ್ತ್ರೀಶಿಲೆ, ನಾದವೇ ಇಲ್ಲದ್ದು ನಪುಂಸಕಶಿಲೆ ಎಂದು ಶಿಲ್ಪಶಾಸ್ತ್ರದ ವಿಂಗಡಣೆ. ಒಳಗೆ ಸೀಳಿದ್ದರೆ ಸದ್ದು ಬೊದ್ದಾಗುತ್ತದೆ. ಹೊರಗೆ ನುಣುಪಾಗಿ ಕಂಡ ಕಲ್ಲು ಮೂರ್ತಿಯ ಮೂಗು ತೀಡುವ ಹೊತ್ತಿಗೆ ಒಡೆದರೆ ತಿಂಗಳುಗಳ ದುಡಿಮೆ ಮಣ್ಣುಪಾಲು. ಹಾಗೆಯೇ ಕಾರಿನ ರಿಲೇಗೂ ಕಿವಿಗೊಡಬೇಕು. ಅದೂ ಕಾರು ಮುನಿದಿರುವ ಘಳಿಗೆಯಲ್ಲಿಯೇ.

ಸ್ಟಾರ್ಟರೇ ತಿರುಗದಿದ್ದರೆ ದೋಷ ಬ್ಯಾಟರಿ ಅಥವಾ ಸ್ಟಾರ್ಟರಿನ ಕಡೆಯದು. ಸ್ಟಾರ್ಟರು ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ, ಗಾಳಿಯಂತ್ರವನ್ನೂ ರೇಡಿಯೋವನ್ನೂ ನಿಲ್ಲಿಸಿ, ಮಾತಾಡುವವರನ್ನು ಸುಮ್ಮನಿರಿಸಿ, ಕೀಲಿಯನ್ನು ಸ್ಟಾರ್ಟರಿನವರೆಗೆ ಒಯ್ಯದೆ ದೀಪಗಳು ಹೊತ್ತುವ ಸ್ಥಾನಕ್ಕೆ ಮಾತ್ರ ತಿರುಗಿಸಬೇಕು. ಆರೋಗ್ಯವಂತ ಕಾರಿನಲ್ಲಿ ‘ಚೆಕ್ ಎಂಜಿನ್’ ದೀಪ ಹೊತ್ತುತ್ತದೆ. ಕೆಲವು ಕಾರುಗಳಲ್ಲಿ ಎರಡು ಸೆಕೆಂಡಿಗೆ ಆರುತ್ತದೆ, ಕೆಲವುಗಳಲ್ಲಿ ಎಂಜಿನ್ ಓಡುವವರೆಗೂ ಉರಿಯುತ್ತದೆ. ಡಬ್ಬಿಯಿಂದ ‘ಟಿಕ್’ ಎಂಬ ಸದ್ದು, ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡಿನ ‘ಝುಂ’ ಎಂಬ ಪಂಪಿನ ಗುಂಜಾರವ, ಅದು ನಿಂತಾಗ ಇನ್ನೊಂದು ‘ಟಿಕ್’.

ದೀಪವೇ ಹೊತ್ತದಿದ್ದರೆ ಕಂಪ್ಯೂಟರಿಗೆ ವಿದ್ಯುತ್ತು ತಲುಪಿಲ್ಲ. ಫ್ಯೂಸು ಸರಿಯಾಗಿದ್ದರೆ ಮೇನ್ ರಿಲೇಯ ಮೇಲೆ ಸಂಶಯ. ದೀಪ ಹೊತ್ತಿಯೂ ‘ಝುಂ’ ಬಾರದಿದ್ದರೆ ಪಂಪಿನ ರಿಲೇ, ಅದರ ತಂತಿ ಅಥವಾ ಪಂಪು. ಪಂಪಿನ ಪ್ಲಗ್ಗಿನಲ್ಲಿ ಆ ಎರಡು ಸೆಕೆಂಡು ಟೆಸ್ಟ್ ಲ್ಯಾಂಪು ಬೆಳಗಿದರೆ ರಿಲೇ ನಿರಪರಾಧಿ; ಬೆಳಗದಿದ್ದರೆ ಪಂಪನ್ನು ದೂರಬೇಕಾಗಿಲ್ಲ. ತಂಪುಹೊತ್ತಿನಲ್ಲಿ ದೋಷವನ್ನು ಕಾಣಬೇಕಾದರೆ ರಿಲೇ ಡಬ್ಬಿಗೆ ಕೂದಲೊಣಗಿಸುವ ಯಂತ್ರದಿಂದ ಹದವಾಗಿ ಬಿಸಿಗಾಳಿ ಬೀಸುವುದು ಅನುಭವಿಗಳ ಉಪಾಯ. ಮೆಕ್ಯಾನಿಕ್ಕಿನ ಮುಂದೆ ಸಾಧುವಾಗಿದ್ದ ಕಾರು ಆಗ ತನ್ನ ನಿಜಸ್ವರೂಪವನ್ನು ತೋರಿಸಿಬಿಡುತ್ತದೆ.

ಬೆಸೆಯುವುದೋ, ಬದಲಿಸುವುದೋ

ದೋಷ ರಿಲೇಯದೆಂದು ಖಚಿತವಾದ ಮೇಲೆ ಎರಡು ಮಾರ್ಗಗಳಿವೆ. ನಾಲ್ಕೈದು ಕಾಲುಗಳ ಸಾಧಾರಣ ರಿಲೇಯಾದರೆ ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಮುಗಿಯಿತು. ಅಂಥವುಗಳ ಮೇಲೆ 30, 85, 86, 87 ಎಂಬ ಅಂಕಿಗಳಿರುತ್ತವೆ. 30 ಬ್ಯಾಟರಿಯಿಂದ ಬರುವ ದಾರಿ, 87 ಹೊರಡುವ ದಾರಿ, 85 ಮತ್ತು 86 ಸುರುಳಿಯ ಎರಡು ತುದಿಗಳು. ಹೊಸದು ಹಳೆಯದರಷ್ಟೇ ವೋಲ್ಟು, ಆಂಪಿಯರುಗಳದಾಗಿರಬೇಕು. ಕಾಲುಗಳ ಜೋಡಣೆಯ ನಕ್ಷೆಯೂ ಹೊಂದಬೇಕು. ಕೆಲವು ಕಾರುಗಳಲ್ಲಿ ಹಾರನ್ನಿಗೋ ಫ್ಯಾನಿಗೋ ಇದೇ ಸಂಖ್ಯೆಯ ರಿಲೇ ಇರುವುದುಂಟು. ಪರೀಕ್ಷೆಗಾಗಿ ಅದನ್ನು ಇಲ್ಲಿಗೆ ಹಾಕಿ ನೋಡಿದರೆ ಸಂಶಯ ಕ್ಷಣದಲ್ಲಿ ಪರಿಹಾರವಾಗುತ್ತದೆ.

ಎರಡು ರಿಲೇಗಳ ವಿಶೇಷ ಡಬ್ಬಿಯಾದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಂಖ್ಯೆ ತೋರಿಸಿ ವಿಚಾರಿಸಬೇಕು. ಕಾರು ಹಳೆಯದಾದಷ್ಟೂ ಹೊಸ ಡಬ್ಬಿ ದುರ್ಲಭ. ಹಳೆಯ ಗಾಡಿಯಿಂದ ಬಿಚ್ಚಿದ ರಿಲೇಯನ್ನು ಕೊಂಡರೆ ಅದರೊಳಗೂ ಅದೇ ವಯಸ್ಸಿನ ಬೆಸುಗೆ ಇರುತ್ತದೆಂಬುದನ್ನು ಮರೆಯಬಾರದು. ಅಂಥಲ್ಲಿ ಮರುಬೆಸುಗೆಯೇ ಲೇಸು.

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ರೇಡಿಯೋಗೆ ಗುಪ್ತ ಸಂಖ್ಯೆಯಿದ್ದರೆ ಅದನ್ನು ಬರೆದಿಟ್ಟುಕೊಂಡಿರಬೇಕು. ಡಬ್ಬಿಯನ್ನು ಹಿಡಿದ ಬೋಲ್ಟನ್ನು ತೆಗೆದು, ತಂತಿಗಳನ್ನು ಎಳೆಯದೆ, ಪ್ಲಗ್ಗಿನ ನಾಲಗೆಯನ್ನು ಒತ್ತಿ ಬಿಡಿಸಬೇಕು. ಮುಂದಿನ ಕೆಲಸವೆಲ್ಲ ಕಾರಿನಿಂದಲೂ ಪೆಟ್ರೋಲಿನಿಂದಲೂ ದೂರದಲ್ಲಿ, ಗಾಳಿಯಾಡುವ ಕಡೆ, ಮೇಜಿನ ಮೇಲೆ. ಪ್ಲಾಸ್ಟಿಕ್ ಕವಚದ ಕೊಂಡಿಗಳನ್ನು ಮೆಲ್ಲನೆ ಸಡಿಲಿಸಿ ಹಲಗೆಯನ್ನು ಹೊರತೆಗೆದು, ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ದಪ್ಪ ಕಾಲುಗಳ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ ಕಾಣಬಹುದು. ಕಾಣದಿದ್ದರೂ ಎಲ್ಲ ದೊಡ್ಡ ಬೆಸುಗೆಗಳನ್ನೂ ಹೊಸದು ಮಾಡುವುದು ಕ್ಷೇಮ. ಹಳೆಯ ಬೆಸುಗೆಯನ್ನು ಕರಗಿಸಿ ಹೀರಿ ತೆಗೆದು, ಫ್ಲಕ್ಸ್ ಸವರಿ, ಕಾಲೂ ಹಲಗೆಯ ತಾಮ್ರವೂ ಒಟ್ಟಿಗೆ ಕಾದ ಮೇಲೆ ಹೊಸ ಬೆಸುಗೆಯನ್ನು ಊಡಬೇಕು. ಹೆಚ್ಚು ಹೊತ್ತು ಕಾಯಿಸಿದರೆ ತಾಮ್ರದ ಪದರ ಹಲಗೆಯಿಂದ ಎದ್ದುಬರುತ್ತದೆ. ಒಳ್ಳೆಯ ಬೆಸುಗೆ ಕಾಲಿನ ಸುತ್ತ ನಯವಾದ ಇಳಿಜಾರಾಗಿ ಹೊಳೆಯುತ್ತದೆ. ಮುತ್ತಿನಂತೆ ಗುಂಡಗೆ ನಿಂತರೆ ಅದು ಅಂಟಿಲ್ಲವೆಂದು ತಿಳಿಯಬೇಕು. ಸೀಸದ ಕೆಲಸವಾದುದರಿಂದ ಮಕ್ಕಳನ್ನು ದೂರವಿರಿಸಿ, ಮುಗಿದ ಮೇಲೆ ಕೈಯನ್ನು ಚೆನ್ನಾಗಿ ತೊಳೆಯಬೇಕು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದರ ಸಲಕರಣೆಗಳೆಲ್ಲ ದೊರೆಯುತ್ತವೆ. ಕೈ ಪಳಗದವರು ರೇಡಿಯೋ, ಟಿ.ವಿ. ರಿಪೇರಿಯವರಿಗೆ ಡಬ್ಬಿಯನ್ನು ಒಪ್ಪಿಸಬಹುದು. ಅವರಿಗೆ ಇದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಸ್ಪರ್ಶಬಿಂದುಗಳು ಸುಟ್ಟು ಕರಕಾಗಿದ್ದರೆ, ಸುರುಳಿ ಬೆಂದಿದ್ದರೆ, ಕವಚ ಕರಗಿದ್ದರೆ ಬೆಸುಗೆಯಿಂದ ಪ್ರಯೋಜನವಿಲ್ಲ, ಆಗ ಬದಲಿಸಲೇಬೇಕು. ರಿಲೇ ಕೂರುವ ಗೂಡಿನ ಹಿತ್ತಾಳೆಯ ನಾಲಗೆಗಳು ಕಿಲುಬು ಹಿಡಿದಿವೆಯೇ ಎಂದೂ ನೋಡಬೇಕು.

ಮಾಡಬಾರದ ಜಾಣತನ

ರಿಲೇಯ ಬದಲು ಒಂದು ತುಂಡು ತಂತಿಯಿಂದ ಪಂಪಿಗೆ ನೇರ ವಿದ್ಯುತ್ತು ಕೊಟ್ಟು ಗಾಡಿ ಓಡಿಸಿದೆವೆಂದು ಹೆಮ್ಮೆಪಡುವವರಿದ್ದಾರೆ. ಎಂಜಿನ್ ನಿಂತರೆ ಪಂಪೂ ನಿಲ್ಲಲೆಂಬುದು ರಿಲೇಯ ಏರ್ಪಾಟಿನ ಮುಖ್ಯ ಉದ್ದೇಶಗಳಲ್ಲಿ ಒಂದು. ಅಪಘಾತದಲ್ಲಿ ಕೊಳವೆ ಹರಿದಾಗ ನೇರ ತಂತಿಯ ಪಂಪು ಪೆಟ್ರೋಲನ್ನು ಚಿಮ್ಮುತ್ತಲೇ ಇರುತ್ತದೆ. ಒಂದು ಕಿಡಿ ಸಾಕು. ಫ್ಯೂಸಿನ ಜಾಗದಲ್ಲಿ ಸಿಗರೇಟು ಪೊಟ್ಟಣದ ಬೇಗಡೆ ಇಡುವುದೂ ಇದೇ ಜಾತಿಯ ಸಾಹಸ.

ನಮ್ಮ ಕಾಯಿದೆಯಂತೆ ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ತಪಾಸಣೆಗೊಳಪಡಿಸಿ ನೋಂದಣಿಯನ್ನು ನವೀಕರಿಸಬೇಕು. ಅಲ್ಲಿಂದಾಚೆಗೆ ಪ್ರತಿಯೊಂದು ದೋಷವೂ ‘ಇನ್ನು ಸಾಕು, ಮಾರಿಬಿಡೋಣ’ ಎಂಬ ಮಾತಿಗೆ ನೆಪವಾಗುತ್ತದೆ. ಮಾರುವ ಕಾಲ ಬಂದಿದ್ದರೆ ಮಾರುವುದೇ ಸರಿ. ಆದರೆ ಸಾಸಿವೆಯಷ್ಟು ಬೆಸುಗೆಯ ತಪ್ಪಿಗೆ ಇಡೀ ಗಾಡಿಗೆ ಶಿಕ್ಷೆ ವಿಧಿಸುವ ಮುನ್ನ ಎರಡು ಸೆಕೆಂಡು ಕಿವಿಗೊಡುವುದು ನ್ಯಾಯ.

ಗಣಪತಿ ಸಿದ್ಧನಾದ ಸುದ್ದಿ ಬಂದು ಆ ಸಂಸಾರ ಮತ್ತೆ ಶಿವಾರಪಟ್ಟಣಕ್ಕೆ ಹೊರಟಾಗಲೂ ಬಿಸಿಲು ಹಾಗೆಯೇ ಇದ್ದಿರಬಹುದು. ಮೂರ್ತಿಯನ್ನು ಹುಲ್ಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕಕ್ಕೆ ಕೂರಿಸಿದ್ದಾಯಿತು. ಮಗ ಕೀಲಿಯನ್ನು ಅರ್ಧ ತಿರುಗಿಸಿ, ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

ಟಿಕ್. ಝುಂ. ಟಿಕ್.

“ಏನಪ್ಪಾ ಅದು?” ಎಂದರು ಅಜ್ಜಿ.

“ಕಲ್ಲು ನುಡೀತು ಅಜ್ಜಿ, ಇನ್ನು ಹೊರಡೋಣ” ಎಂದ ಮೊಮ್ಮಗ.